ಚಾಕೊಲೇಟಿನ ರುಚಿ ನೋಡಿ ಅಂದದ್ದೇ ತಪ್ಪಾಯ್ತು

ಯಾರಿಗಾದರೂ ಚಾಕೊಲೇಟಿನ ತುಂಡು ಕೊಟ್ಟು "ರುಚಿ ಹೇಗಿದೆ ಹೇಳಿ" ಅಂದರೆ ಏನಾಗಬಹುದು? ಚೆನ್ನಾಗಿದೆ ಅನ್ನಬಹುದು, ಚೆನ್ನಾಗಿಲ್ಲ ಅನ್ನಬಹುದು. ನಮ್ಮ ಜಿಲ್ಲೆಯಲ್ಲಿ ಇವೆರಡೂ ಆಗುವುದಿಲ್ಲ. ಮೂರನೆಯದೇ ಏನೋ ಆಗುತ್ತದೆ.

ಚಿತ್ರದುರ್ಗದ ನಮ್ಮ ಮನೆಯಲ್ಲಿ ನಾನು ಕೈಯಾರೆ ಚಾಕೊಲೇಟ್ ಬಾರ್ ಮಾಡುತ್ತೇನೆ. ಕೋಕೋ ಬೀಜ ಕರಾವಳಿಯಿಂದ ಬರುತ್ತದೆ. ಅದಕ್ಕೆ ಸೇರಿಸುವ ಸೀತಾಫಲ, ದಾಳಿಂಬೆ, ನೇರಳೆ, ಹುರಿದ ಕಡಲೆಕಾಯಿ ಬೀಜ, ಕೊಬ್ಬರಿ ಎಲ್ಲ ನಮ್ಮ ಕಡೆಯದೇ. ರಾಗಿ ಮೂಟೆ ಇಡುತ್ತಿದ್ದ ಕೋಣೆಯನ್ನು ಅತ್ತೆ ಇದಕ್ಕಾಗಿ ಬಿಟ್ಟುಕೊಟ್ಟಿದ್ದರು. ಆದರೆ ಷರತ್ತು ಇತ್ತು. "ಯುಗಾದಿ ಒಳಗೆ ಒಂದಾದ್ರೂ ದೊಡ್ಡ ಆರ್ಡರ್ ಹಿಡ್ಕಂಡು ಬಾ. ಇಲ್ಲಾಂದ್ರೆ ನಿನ್ನ ಮಿಷಿನ್ನು ಹೊರಗೆ, ನನ್ನ ರಾಗಿ ಒಳಗೆ" ಎಂದಿದ್ದರು. ನಮ್ಮತ್ತೆ ಆಡಿದ ಮಾತು ವಾಪಸ್ ತೆಗೆದುಕೊಂಡದ್ದನ್ನು ನಮ್ಮ ಮಾವ ಕೂಡ ಕಂಡಿಲ್ಲ.

ಒಪ್ಪತ್ತಿನ ಸೋಮವಾರ

ಮೊದಲ ರುಚಿ ಅತ್ತೆಯದೇ ಆಗಲಿ ಎಂದು ಸೀತಾಫಲದ ಬಾರ್ ಮಾಡಿ ತಟ್ಟೆಯಲ್ಲಿಟ್ಟೆ. ಅವತ್ತು ಸೋಮವಾರ, ಅವರಿಗೆ ಒಪ್ಪತ್ತು. ಹಗಲು ಹಣ್ಣು ಬಿಟ್ಟು ಬೇರೇನೂ ಮುಟ್ಟುವುದಿಲ್ಲ. ನಾಳೆ ತಿನ್ನಲಿ ಬಿಡು ಎಂದು ಬಟ್ಟೆ ಒಣಹಾಕಲು ಮಹಡಿಗೆ ಹೋದೆ. ಇಳಿದು ಬಂದು ನೋಡಿದರೆ ತಟ್ಟೆ ಖಾಲಿ! ನಾಲ್ಕು ಬಾರ್ ಇಟ್ಟಿದ್ದೆ. ಅತ್ತೆ ಸೆರಗಿನಿಂದ ಬಾಯಿ ಒರೆಸಿಕೊಳ್ಳುತ್ತಿದ್ದರು.

"ಅತ್ತೆ, ಇವತ್ತು ಉಪವಾಸ ಅಲ್ವಾ?"

"ಹೂಂ. ಅದಕ್ಕೇ ಹಣ್ಣು ತಿಂದೆ. ಸೀತಾಫಲ ಅಂದ್ಯಲ್ಲ?"

"ಅದ್ರಲ್ಲಿ ಸಕ್ಕರೆ ಐತೆ, ಹಾಲಿನ ಪುಡಿ ಐತೆ!"

"ಅದನ್ನ ಹಾಕಿದ್ದು ಯಾರು, ನಾನಾ? ಪಾಪ ಬಂದ್ರೆ ನಿಂಗೇ ಬರ್ಲಿ ಬಿಡು."

ಆ ಪಾಪ ಕಳೆಯಲು ಮುಂದಿನ ಸೋಮವಾರ ನಾನು ಒಪ್ಪತ್ತಿದ್ದೆ. ಅವರು ನೇರಳೆ ಬಾರ್ ತಿಂದರು.

ಹೊಳಲ್ಕೆರೆಯ ಬಾಯಿ

ಹೊಳಲ್ಕೆರೆಯಲ್ಲಿ ಒಂದು ಬೇಕರಿ ಇದೆ. ಅದರ ಯಜಮಾನರು ಒಪ್ಪಿಬಿಟ್ಟರೆ ತಿಂಗಳಿಡೀ ಮಾಲು ಹೋಗುತ್ತದೆ ಎಂದು ಯಾರೋ ಹೇಳಿದರು. ಹೋದೆ. ಯಜಮಾನರ ಎಡ ಕೆನ್ನೆ ಉಬ್ಬಿತ್ತು, ಒಳಗೆ ಎಲೆ ಅಡಿಕೆ ಇತ್ತು. ನಾನು ಬಾರ್ ಬಿಚ್ಚುತ್ತಿದ್ದಂತೆ ಅವರು ಬಾಯಿ ತೆರೆದರು.

"ಬಾಯಿ ತೊಳ್ಕಂಡು ಬರ್ರಿ ಸಾರ್, ರುಚಿ ಗೊತ್ತಾಗಲ್ಲ" ಅಂದೆ.

ಅವರಿಗೆ ಸಿಟ್ಟೇ ಬಂತು. "ಏನಮ್ಮ, ನಮ್ಮೂರಲ್ಲಿ ಯಾರ ಬಾಯಿ ಖಾಲಿ ಇರ್ತೈತೆ? ಈ ಬಾಯಿಗೆ ರುಚಿ ಹತ್ತಿದ್ರೇನೇ ಇಲ್ಲಿ ಯಾಪಾರ."

ತುಂಡನ್ನು ಬಲ ಕೆನ್ನೆಗೆ ಹಾಕಿಕೊಂಡರು, ಎಡಕ್ಕೆ ದಾಟಿಸಿದರು, ಎರಡನ್ನೂ ಕೂಡಿಸಿ ಕಣ್ಣು ಮುಚ್ಚಿ ಅಗಿದರು. ಮೂರು ದಿನ ಕೂತು ಮಾಡಿದ ದಾಳಿಂಬೆ ಬಾರ್ ಅದು! ಕೊನೆಗೆ ಎದ್ದು ಹೋಗಿ ಚರಂಡಿಗೆ ಉಗಿದು ಬಂದು ತೀರ್ಪು ಕೊಟ್ಟರು.

"ಪರ್ವಾಗಿಲ್ಲ ಕಣಮ್ಮ. ಸುಣ್ಣ ಒಂಚೂರು ಕಮ್ಮಿ ಆಗೈತೆ."

ಬಾಗೂರಿನ ಪರೀಕ್ಷೆ

ಹೊಸದುರ್ಗ ತಾಲ್ಲೂಕಿನ ಬಾಗೂರಿನಲ್ಲಿ ತೆಂಗು ಬೆಳೆಗಾರರೊಬ್ಬರು ಮಗನ ಅಂಗಡಿ ಉದ್ಘಾಟನೆಗೆ ಸಿಹಿ ಹಂಚಬೇಕು ಅಂದರು. ಕೊಬ್ಬರಿ ಬಾರ್ ಒಯ್ದೆ. ಅವರು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು, ಮೂಸಿದರು, "ಒಂದ್ನಿಮಿಷ ಕುಂತ್ಕಳ್ರಿ" ಎಂದು ಒಳಗೆ ಹೋದರು. ಬಚ್ಚಲಲ್ಲಿ ನೀರಿನ ಸದ್ದು. ಕೈ ತೊಳೆಯುತ್ತಿದ್ದಾರೆ, ಎಂಥ ಶುಚಿ ಎಂದು ನಾನು ಮೆಚ್ಚಿಕೊಂಡೆ.

ಕೈಯಲ್ಲ, ಬಾರನ್ನೇ ತೊಳೆದಿದ್ದರು! ಬಿಸಿನೀರಲ್ಲಿ ತಿಕ್ಕಿ ಚಾಕೊಲೇಟೆಲ್ಲ ಹೋಗಿಸಿ, ಉಳಿದ ಕೊಬ್ಬರಿ ಚೂರುಗಳನ್ನು ಅಂಗೈ ಮೇಲೆ ಹರಡಿಕೊಂಡು ಬಂದರು. ಒಂದು ಚೂರು ಅಗಿದು ಅವರು ತಲೆಯಾಡಿಸಿದರು.

"ಕೊಬ್ರಿ ಒಳ್ಳೇದೇ ಐತಲ್ಲವ್ವ! ಇಂಥಾದಕ್ಕೆ ಯಾಕೆ ಕೆಸರು ಮೆತ್ತಿದೀಯ?"

ಎರಡು ದೀಪ

ಯುಗಾದಿಗೆ ನಾಲ್ಕೇ ದಿನ ಉಳಿದಿತ್ತು, ಆರ್ಡರ್ ಒಂದೂ ಸಿಕ್ಕಿರಲಿಲ್ಲ. ಅತ್ತೆ ಕೋಣೆಯ ಬಾಗಿಲಲ್ಲಿ ನಿಂತು ಎಷ್ಟು ಮೂಟೆ ಹಿಡಿಯಬಹುದು ಎಂದು ಕಣ್ಣಳತೆ ಹಾಕತೊಡಗಿದ್ದರು. ನನಗೆ ಅಳು ಬರುವುದೊಂದು ಬಾಕಿ. ಅಷ್ಟರಲ್ಲಿ ಹಿರಿಯೂರಿನ ಗೆಳತಿ ಫೋನ್ ಮಾಡಿದಳು. ಯಲ್ಲದಕೆರೆಯಲ್ಲಿ ಕುರಿ ಸಾಕುವ ದೊಡ್ಡ ಮನೆತನವಂತೆ, ಮೊಮ್ಮಗಳ ಮದುವೆಯಂತೆ. ತಾಂಬೂಲದ ಚೀಲಕ್ಕೆ ತೆಂಗಿನಕಾಯಿ ಬದಲು ಬೇರೇನಾದರೂ ಬೇಕಂತೆ.

ಐಸ್ ಡಬ್ಬಿಯಲ್ಲಿ ಐದು ದಾಳಿಂಬೆ ಬಾರ್ ಇಟ್ಟುಕೊಂಡು, ಬಸ್ಸಿನಲ್ಲಿ ಮಗುವಿನ ಹಾಗೆ ತೊಡೆ ಮೇಲೆ ಕೂರಿಸಿಕೊಂಡು ಹೋದೆ. ಅವತ್ತು ಅವರ ಮನೆಯಲ್ಲಿ ಲಗ್ನಪತ್ರಿಕೆಗೆ ಪೂಜೆ, ಹೋಳಿಗೆ ಅಡುಗೆ. ಡಬ್ಬಿ ತೆರೆದ ಕೂಡಲೇ ಮದುಮಗಳ ಅಜ್ಜಿ ಐದೂ ಬಾರ್ ಎತ್ತಿಕೊಂಡರು.

"ರುಚಿ ನೋಡ್ರಿ ಅಜ್ಜಿ" ಅಂದೆ.

"ಹೊಸಾದು ಏನ್ ಬಂದ್ರೂ ಮೊದ್ಲು ಎಡೆ ಕಣವ್ವ. ದೇವ್ರಿಗೆ ತೋರ್ಸದೆ ಬಾಯಿಗೆ ಇಕ್ಕಂಗಿಲ್ಲ."

ದೇವರ ಮುಂದೆ ಬಾಳೆಲೆ ಹಾಕಿ, ಉರಿಯುವ ಎರಡು ದೊಡ್ಡ ದೀಪಗಳ ನಡುವೆ ನನ್ನ ಬಾರುಗಳನ್ನು ಸಾಲಾಗಿ ಇಟ್ಟರು. ಹೊರಗೆ ಹಿರಿಯೂರಿನ ಬಿಸಿಲು, ಒಳಗೆ ದೀಪ. ಅಜ್ಜ ಹಣೆಗೆ ಭಂಡಾರದ ಅರಿಶಿನ ಹಚ್ಚಿಕೊಂಡು ಪೂಜೆಗೆ ಕೂತರು. ಮನೆದೇವರು, ಗ್ರಾಮದೇವರು, ಸತ್ತ ಹಿರಿಯರು, ಕೊನೆಗೆ ಕಳೆದುಹೋದ ಒಂದು ಟಗರು, ಎಲ್ಲರನ್ನೂ ಹೆಸರು ಹಿಡಿದು ನೆನೆದರು. ನನ್ನ ಕಣ್ಣೆದುರೇ ಮೊದಲ ಬಾರ್ ಬೆವರಿತು. ಎರಡನೆಯದು ಬಾಗಿತು. ಮಂಗಳಾರತಿ ಹೊತ್ತಿಗೆ ಐದೂ ಸೇರಿ ಒಂದು ಕೊಳವಾಯಿತು.

ಬಾರ್ ಗಟ್ಟಿಯಾಗಿ ನಿಲ್ಲುವ ಹಾಗೆ ಮಾಡುವುದನ್ನು ಕಲಿಯಲು ನನಗೆ ಎರಡು ತಿಂಗಳು ಹಿಡಿದಿತ್ತು. ಎಲ್ಲರ ಮುಂದೆ ಅತ್ತುಬಿಟ್ಟೆ.

"ಯಾಕೆ ಅಳ್ತೀಯವ್ವ? ದೇವ್ರು ಮುಟ್ಟೈತೆ" ಎಂದು ಅಜ್ಜಿ ಸೌಟು ತಂದು, ಎಲೆಯ ಮೇಲಿದ್ದದ್ದನ್ನೆಲ್ಲ ಬಳಿದು, ಪ್ರಸಾದವೆಂದು ಎಲ್ಲರ ಹೋಳಿಗೆ ಮೇಲೆ ತುಪ್ಪ ಬಡಿಸಿದಂತೆ ಸುರಿದರು. ಅಜ್ಜ ಎರಡನೇ ಹೋಳಿಗೆಗೆ ಕೈ ಚಾಚಿದರು, ಆಮೇಲೆ ಮೂರನೆಯದಕ್ಕೆ.

"ಚೀಲಕ್ಕೆ ತೆಂಗಿನಕಾಯೇ ಇರ್ಲಿ" ಅಂದರು. ನಾನು ಐಸ್ ಡಬ್ಬಿಯ ಮುಚ್ಚಳ ಹಾಕತೊಡಗಿದೆ. "ಮದುವೆ ಊಟಕ್ಕೆ ಇದುನ್ನ ಕೊಡು. ಹಾಲಿನ ಕ್ಯಾನು ಐತಲ್ಲ, ಅದ್ರಲ್ಲಿ ಎರಡು ಕ್ಯಾನು ತುಂಬ ಬೇಕು."

ಕೋಣೆ ಉಳಿಯಿತು! ನಾನು ಕಣ್ಣೊರೆಸಿಕೊಂಡು, ಐಸ್ ಡಬ್ಬಿ ಬಗಲಿಗೆ ಹಾಕಿಕೊಂಡು ಹೊಸ್ತಿಲು ದಾಟುವಾಗ ಅಜ್ಜಿ ತೋಳು ಹಿಡಿದು ಪಕ್ಕಕ್ಕೆ ಎಳೆದರು.

"ಒಂದು ಮಾತು ಕಣವ್ವ, ಬೇಜಾರ್ ಮಾಡ್ಕಬೇಡ. ಮದುವೆ ದಿನ ಬೀಗರ ಮುಂದೆ ಇವತ್ತಿನಂಗೆ ಗಟ್ಟಿ ಮಾಡ್ಕಂಡು ಬಂದು ಮಾನ ಕಳೀಬೇಡ. ಕರಗಿಸೋದು ಗೊತ್ತಾಗದಿದ್ರೆ ಹೇಳು, ಎರಡು ದೀಪ ನಾನೇ ಕೊಡ್ತೀನಿ."