ನಾಜೂಕಯ್ಯನ ಪೆಟ್ಟಿಗೆಗೆ ಮೂರು ಕೀಲಿ

ನಾಜೂಕಯ್ಯನ ಫೋನು ಬಿದ್ದದ್ದು ಗಡ್ಡದ ಬ್ರಶ್ಶು ಅದ್ದುವ ಬಟ್ಟಲಿಗೆ. ಅದರಲ್ಲಿ ಒಂದು ಬೊಗಸೆ ನೀರೂ ಇರಲಿಲ್ಲ. ಆದರೂ ಫೋನು ಎರಡು ಸಲ ಗುಳುಗುಳು ಎಂದು ಶಾಂತವಾಗಿ ಕಣ್ಣು ಮುಚ್ಚಿತು.

ಬೀಳಿಸಿದ್ದು ಎಡಗೈ. ಕೆಲವು ತಿಂಗಳಿಂದ ಆ ಕೈ ಗಾಳಿಗೆ ಸಿಕ್ಕ ಎಲೆಯಂತೆ ನಡುಗುತ್ತಿತ್ತು. ಕ್ಷೌರದ ಕತ್ತಿ ಹಿಡಿಯುವ ಬಲಗೈ ಮಾತ್ರ ಕಂಬದ ಹಾಗೆ ಗಟ್ಟಿ. ಆ ಕೈಯ ನಯಕ್ಕೇ ಬೀದಿಯವರು ಅವನಿಗೆ ನಾಜೂಕಯ್ಯ ಎಂದು ಹೆಸರಿಟ್ಟಿದ್ದು. ಆದರೆ ಕುರ್ಚಿಯಲ್ಲಿ ಒರಗಿ ಕಣ್ಣು ಮುಚ್ಚಿ ಕತ್ತು ಕೊಡುವವನಿಗೆ ಎಡ ಬಲದ ಭೇದ ಎಲ್ಲಿಯದು? ಕೈ ನಡುಗುತ್ತದೆ ಎಂಬ ಒಂದೇ ಮಾತು ಹೊರಬಿದ್ದರೂ ಸಾಕು, ಇಡೀ ಬೀದಿ ಗಡ್ಡ ಬಿಟ್ಟು ಋಷಿಗಳ ಆಶ್ರಮವಾಗಿಬಿಡುತ್ತಿತ್ತು.

ಆದ್ದರಿಂದಲೇ ಆಸ್ಪತ್ರೆಯಲ್ಲಿ ಹೊಸ ಪದ್ಧತಿ ಬಂದಾಗ ಎಲ್ಲರಿಗಿಂತ ಮೊದಲು ಹಿಗ್ಗಿದವನು ಅವನು. ಇನ್ನು ಮೇಲೆ ರೋಗಿಯ ದಾಖಲೆ ಆಸ್ಪತ್ರೆಯ ಕಪಾಟಿನಲ್ಲಿ ಇರುವುದಿಲ್ಲ. ರೋಗಿಯ ಸ್ವಂತ ಪೆಟ್ಟಿಗೆಯಲ್ಲಿ, ಅವನ ಫೋನಿನ ಬೀಗದೊಳಗೆ ಇರುತ್ತದೆ. ಡಾಕ್ಟರಾದರೂ ಸರಿ, ಸಂಶೋಧಕರಾದರೂ ಸರಿ, ಅವನನ್ನು ಕೇಳಿಯೇ ನೋಡಬೇಕು. ಫೋನು ಹಾಳಾದರೆ? ಅದಕ್ಕೂ ದಾರಿಯಿತ್ತು. ನಂಬಿಕೆಯ ಮೂವರ ಫೋನಿಗೆ ಒಂದೊಂದು ಕೀಲಿ. ಮೂರು ಫೋನೂ ಒಂದೇ ಜಾಗದಲ್ಲಿ ಸೇರಿ ಒತ್ತಿದರೆ ಪೆಟ್ಟಿಗೆ ತೆರೆಯುತ್ತದೆ.

"ನೋಡಿ ಆರಿಸ್ಕೊಳ್ಳಿ. ಮೂರೂ ಜನ ಒಂದಾಗಿ ನಿಮ್ಮ ಬೆನ್ನ ಹಿಂದೆ ತೆಗೆದ್ಬಿಟ್ರೆ ನಮ್ಮನ್ನ ಕೇಳ್ಬೇಡಿ," ಎಂದು ನರ್ಸಮ್ಮ ಎಚ್ಚರಿಸಿದ್ದಳು.

ನಾಜೂಕಯ್ಯ ಬಹಳ ಯೋಚಿಸಿದ. ಹೆಂಡತಿಗೆ ಕೊಡಲಿಲ್ಲ, ಅವಳೊಬ್ಬಳೇ ಮೂವರಿಗೆ ಸಮ. ಕಡೆಗೆ, ಸತ್ತರೂ ಒಂದಾಗದ ಮೂವರನ್ನು ಹುಡುಕಿ ಕೀಲಿ ಹಂಚಿದ. ಒಬ್ಬರು ಅವನ ಅಂಗಡಿಯ ಕಟ್ಟಡದ ಮಾಲೀಕರು. ಇನ್ನೊಬ್ಬ ಎದುರಿನ ಔಷಧಿ ಅಂಗಡಿಯವ. ಅವನ ದೀಪದ ಬೋರ್ಡು ರಾತ್ರಿಯೆಲ್ಲ ಮಾಲೀಕರ ಮಲಗುವ ಕೋಣೆಗೇ ಬೆಳಕು ಚೆಲ್ಲುತ್ತಿತ್ತು. ಮೂರನೆಯವನು ಹೆಂಡತಿಯ ಅಣ್ಣ, ಶಾಲೆಯ ಡ್ರಿಲ್ ಮೇಷ್ಟ್ರು. ಮುಂಜಾನೆ ಅವನು ಊದುವ ಸೀಟಿಗೆ ಆ ಇಬ್ಬರೂ ಬೇರೆ ಬೇರೆಯಾಗಿ ಶಾಪ ಹಾಕುತ್ತಿದ್ದರು. ಮೂವರಲ್ಲಿ ಮಾತು ನಿಂತು ವರ್ಷಗಳಾಗಿದ್ದವು. ಇದಕ್ಕಿಂತ ಭದ್ರವಾದ ಬೀಗ ಯಾವುದಿದೆ ಎಂದು ನಾಜೂಕಯ್ಯ ತನ್ನ ಜಾಣತನಕ್ಕೆ ತಾನೇ ತಲೆದೂಗಿದ್ದ.

ಇವತ್ತು ಅದೇ ಬೀಗ ಅವನ ಮುಂದೆ ನಿಂತಿತು. ಕೈ ನಡುಕದ ಹೊಸ ಔಷಧಿಯೊಂದರ ಪ್ರಯೋಗಕ್ಕೆ ಒಂದೇ ಜಾಗ ಉಳಿದಿತ್ತು. ಹೆಂಡತಿಯ ಹಳೇ ಫೋನಿಗೆ ತನ್ನ ನಂಬರು ಹಾಕಿಕೊಂಡು ಅವನು ಸಂಶೋಧನೆಯ ಮೇಡಮ್ಮಿಗೆ ಕರೆ ಮಾಡಿದ.

"ಸಂಜೆಯೊಳಗೆ ದಾಖಲೆ ಬರ್ಲಿಲ್ಲ ಅಂದ್ರೆ ಬೇರೆಯವ್ರಿಗೆ ಕೊಡ್ತೀವಿ," ಎಂದರು ಅವರು.

"ನಿಮ್ಮ ಹತ್ರ ಒಂದು ಪ್ರತಿ ಇರುತ್ತಲ್ಲಾ ಮೇಡಂ?"

"ನಮ್ಮ ಹತ್ರ ಯಾಕಿರುತ್ತೆ? ನಿಮ್ಮ ಆರೋಗ್ಯ, ನಿಮ್ಮ ಸ್ವತ್ತು."

ಸ್ವತ್ತಿನ ಒಡೆಯ ಚಪ್ಪಲಿ ಮೆಟ್ಟಿ ಮೊದಲು ಮಾಲೀಕರ ಮನೆಗೆ ಹೊರಟ.

"ಏನಾಗಿದೆಯೋ ನಿಂಗೆ?" ಎಂದರು ಮಾಲೀಕರು.

"ಹಲ್ಲು ನೋವು ಯಜಮಾನ್ರೇ. ದಾಖಲೆ ಪೆಟ್ಟಿಗೆ ತೆಗೀಬೇಕು, ಫೋನ್ ತಗೊಂಡು ಅಂಗಡಿಗೆ ಬನ್ನಿ. ಹಾಗೇ ಒಂದು ಬಿಸಿ ಟವೆಲ್ಲಿನ ಶೇವಿಂಗು, ಪುಕ್ಕಟೆ."

ಔಷಧಿ ಅಂಗಡಿಯವನಿಗೆ ಹಲ್ಲೆಂದರೆ ಅಲ್ಲೇ ಬಾಯಿ ತೆಗೆಸಿಬಿಡುತ್ತಾನೆ. "ಮಂಡಿ ಅಣ್ಣಾ, ಮಂಡಿ," ಎಂದ. ಭಾವನ ಮುಂದೆ ಮಂಡಿ ಎಂದರೆ ಬಸ್ಕಿ ಹೊಡೆಸುತ್ತಾನೆ. ಅಲ್ಲಿ ಹೊಟ್ಟೆ ಹಿಡಿದುಕೊಂಡ.

ಮೂವರನ್ನೂ ಒಂದೇ ಕೋಣೆಯಲ್ಲಿ ಕೂರಿಸುವುದು ಹೇಗೆ? ಬಿಸಿ ಟವೆಲ್ಲೇ ಗತಿ. ಮಾಲೀಕರು ಬಂದೊಡನೆ ಕುರ್ಚಿಯಲ್ಲಿ ಒರಗಿಸಿ, ಬಾಯಿ ಸೇರಿ ಕೆನ್ನೆಗೆಲ್ಲ ಸೋಪು ಬಳಿದು, ಮೇಲೆ ಟವೆಲ್ಲು ಮುಚ್ಚಿದ. ಸ್ವಲ್ಪ ಹೊತ್ತು ಬಿಟ್ಟು ಬಂದ ಔಷಧಿಯವನಿಗೂ ಅದೇ ಸೇವೆ. ಕೊನೆಗೆ ಭಾವ.

"ಆ ಕಡೆ ಯಾರೋ ಇದಾರಲ್ಲೋ?"

"ಗಿರಾಕಿಗಳು ಭಾವ, ನೀವು ಕಣ್ಮುಚ್ಕೊಳ್ಳಿ."

ಮೂರು ಕುರ್ಚಿಗಳಲ್ಲಿ ಮೂರು ಮುಖಗಳು ಆವಿಯಲ್ಲಿ ಬೇಯುವ ಗೆಣಸಿನಂತೆ ಹೊಗೆಯಾಡುತ್ತ ಮಲಗಿದ್ದವು. ಕೈಯಲ್ಲಿ ಒಂದೊಂದು ಫೋನು.

"ಈಗ ಎಲ್ಲಾರೂ..." ಎಂದು ಬಾಯಿ ಜಾರಿದ ನಾಜೂಕಯ್ಯ, "ಈಗ ಒತ್ತಿ," ಎಂದು ತಿದ್ದಿಕೊಂಡ. ಮಾಲೀಕರು ಒತ್ತಿದರು. ಔಷಧಿಯವನು ಒತ್ತಿದ. ಭಾವನ ಬೆರಳು ಅತ್ತಿತ್ತ ತಡಕಾಡಿತು. ಅದನ್ನು ಸರಿಯಾದ ಜಾಗಕ್ಕೆ ಒಯ್ಯಲು ನಾಜೂಕಯ್ಯ ಎಡಗೈ ಚಾಚಿದ. ಕೈ ನಡುಗಿತು, ಬೆರಳು ಟವೆಲ್ಲಿಗೆ ಸಿಕ್ಕಿಕೊಂಡಿತು, ಟವೆಲ್ಲು ಜಾರಿತು.

ಎದುರಿನ ಕನ್ನಡಿಯಲ್ಲಿ ಭಾವನಿಗೆ ಇಡೀ ಸಾಲು ಕಂಡಿತು.

"ಈ ದೀಪದವನು ಇಲ್ಲೇನು ಮಾಡ್ತಿದಾನೆ?"

ಉಳಿದೆರಡು ಟವೆಲ್ಲುಗಳೂ ಹಾರಿದವು. "ಸೀಟಿ ಮೇಷ್ಟ್ರಾ!" "ನನ್ನ ಬಾಡಿಗೆದಾರನ ಅಂಗಡೀಲಿ ನೀವೆಲ್ಲಾ..." ಸೋಪಿನ ನೊರೆ ನಾಲ್ಕೂ ದಿಕ್ಕಿಗೆ ಸಿಡಿಯಿತು.

"ಅವನಿಗೆ ಹಲ್ಲು ನೋವು ಅಂತ ಬಂದೆ ನಾನು!" ಎಂದು ಮಾಲೀಕರು ಗುಡುಗಿದರು.

"ಹಲ್ಲಾ? ನಂಗೆ ಮಂಡಿ ಅಂದ."

"ಮಂಡೀನಾ? ಹೊಟ್ಟೆ ಅಂತ ಅತ್ತನಲ್ರೀ ನನ್ನ ಮುಂದೆ!"

ಮೂವರೂ ಒಮ್ಮೆಗೇ ನಾಜೂಕಯ್ಯನ ಕಡೆ ತಿರುಗಿದರು. ಟವೆಲ್ಲು ಹಿಡಿದ ಎಡಗೈ ಇನ್ನೂ ಅಲ್ಲಾಡುತ್ತಲೇ ಇತ್ತು.

"ಏನ್ರೀ ಅದು?" ಎಂದು ಮಾಲೀಕರು ಮೆಲ್ಲಗೆ ಕೇಳಿದ್ದು ನಾಜೂಕಯ್ಯನನ್ನಲ್ಲ, ಔಷಧಿಯವನನ್ನು.

"ನಡುಕ ಕಣ್ರೀ," ಎಂದ ಅವನು ಅಷ್ಟೇ ಮೆಲ್ಲಗೆ.

"ನನ್ನ ತಂಗಿಗೂ ಹೇಳಿಲ್ಲ ನೋಡಿ ಈ ಮಹಾನುಭಾವ," ಎಂದು ಭಾವ ಇಬ್ಬರ ಕಡೆಗೂ ನೋಡಿದ. ಎಷ್ಟೋ ವರ್ಷಗಳ ಮೇಲೆ ಮೂವರಿಗೂ ಒಂದೇ ವಿಷಯ ಸಿಕ್ಕಿತ್ತು.

ನಾಜೂಕಯ್ಯ ಕೈ ಮುಗಿದ. "ಹೊರಗೆ ಗೊತ್ತಾದ್ರೆ ನನ್ನ ಅಂಗಡಿ ಮುಳುಗುತ್ತೆ. ದಯವಿಟ್ಟು ಒತ್ತಿ ಭಾವ."

"ನಾವೇನು ಊರೆಲ್ಲಾ ಸಾರ್ತೀವಾ? ಹುಚ್ಚಪ್ಪ!" ಎಂದು ಭಾವ ಒತ್ತಿದ.

ಪೆಟ್ಟಿಗೆ ತೆರೆಯಿತು. ದಾಖಲೆ ಹೋಯಿತು. "ಜಾಗ ನಿಮ್ಮದೇ," ಎಂದು ಮೇಡಮ್ಮಿನ ಉತ್ತರವೂ ಬಂತು. ನಾಜೂಕಯ್ಯ ಕಣ್ಣೊರೆಸಿಕೊಂಡು ಮೂವರ ಗಡ್ಡವನ್ನೂ ಒಂದು ಗೀರಿಲ್ಲದೆ ತೆಗೆದ. ಅವರು ಒಬ್ಬರ ಹೆಗಲ ಮೇಲೆ ಒಬ್ಬರು ಕೈ ಹಾಕಿಕೊಂಡು ಪಕ್ಕದ ಚಹಾದ ಅಂಗಡಿಗೆ ನಡೆದರು. ಜಗಳ ಹರಿದದ್ದನ್ನು ಕಂಡು ಅವನಿಗೆ ಪುಣ್ಯ ಕಟ್ಟಿಕೊಂಡಷ್ಟು ಸಂತೋಷವಾಯಿತು.

ಆಗಲೇ ಹೊಸ ಗಿರಾಕಿಯೊಬ್ಬ ಬಂದು ಕುರ್ಚಿಯಲ್ಲಿ ಒರಗಿ ಗದ್ದವೆತ್ತಿದ. ಸೋಪು ಬಳಿದು ನಾಜೂಕಯ್ಯ ಕತ್ತಿ ತೆಗೆದ. ಜೇಬಿನ ಫೋನು ಟಿಣ್ ಎಂದಿತು. ಒಂದು ಸಾಲಿನ ಸಂದೇಶ: ನಿಮ್ಮ ಪೆಟ್ಟಿಗೆಯನ್ನು ಮೂರು ಕೀಲಿಗಳಿಂದ ಮತ್ತೊಮ್ಮೆ ತೆರೆಯಲಾಗಿದೆ.

ಅದನ್ನು ಅವನು ಓದಿ ಮುಗಿಸುವ ಮೊದಲೇ ಪಕ್ಕದ ಅಂಗಡಿಯಿಂದ, ಮೈದಾನದ ಆಚೆ ತುದಿಗೆ ಕೇಳಿಸುವಂತೆ ಕೂಗಿ ರೂಢಿಯಾದ ಭಾವನ ಕಂಠ ಕೇಳಿಬಂತು.

"ನಡುಕ ಒಂದೇ ಅಲ್ರೀ ಯಜಮಾನ್ರೇ! ಇಲ್ಲಿ ಕೆಳಗೆ ನೋಡಿ, ಕ್ಷೌರಿಕನಿಗೆ ತಲೆಸುತ್ತೂ ಇದೆಯಂತೆ!"

"ಎಲ್ಲಿ, ಸ್ವಲ್ಪ ದೊಡ್ಡದು ಮಾಡಿ ತೋರ್ಸಿ!"

ಕುರ್ಚಿಯಲ್ಲಿದ್ದವನು ಒಂದು ಕಣ್ಣು ತೆರೆದು ಕತ್ತಿಯನ್ನು ನೋಡಿದ, ಇನ್ನೊಂದು ತೆರೆದು ಎಡಗೈಯನ್ನು ನೋಡಿದ. ಕೊರಳ ಬಟ್ಟೆಯನ್ನು ಮೆಲ್ಲಗೆ ಬಿಚ್ಚಿ ಮಡಿಸಿಟ್ಟು, ಕೆನ್ನೆಯ ನೊರೆಯ ಸಮೇತ, ಬಾಗಿಲ ಕಡೆ ಹಿಂದೆ ಹಿಂದೆ ಹೆಜ್ಜೆಯಿಟ್ಟ.

"ಗಡ್ಡ ಬಿಡೋಣ ಅಂತಿದೀನಿ," ಎಂದ.