ಗುಳ್ಳೆಯಿಲ್ಲದ ಎದೆ

ಆ ದಿನ ಬೆಳಿಗ್ಗೆ ಮುಳುಗುಗಾರ ಶಾಜ್ಲಿ ತನ್ನ ಫೂಲ್ ತಟ್ಟೆಯನ್ನು ಪಕ್ಕಕ್ಕೆ ತಳ್ಳಿದ್ದೇ ರಗಳೆಗೆಲ್ಲ ಮೂಲ. ಬೆಂದ ಕಾಳಿನ ಫೂಲ್ ತಿನ್ನದೆ ಸಮುದ್ರಕ್ಕಿಳಿದವರನ್ನು ಕುಸೇರ್ ಬಂದರಿನಲ್ಲಿ ಯಾರೂ ಕಂಡಿರಲಿಲ್ಲ.

"ಯಾಕಯ್ಯಾ, ಹೆಂಡ್ತಿ ಜತೆ ಜಗಳಾನಾ?" ಎಂದ ದೋಣಿಯ ಅಡುಗೆಯವ ಗಾಬಿರ್.

"ಕಾಳು ತಿಂದ್ರೆ ವಾಯು ಚಿಕ್ಕಪ್ಪಾ, ವಾಯು ಆದ್ರೆ ಗುಳ್ಳೆ. ಡಾಕ್ಟ್ರಮ್ಮ ಇವತ್ತು ಎದೆ ಒಳಗಿನ ಗುಳ್ಳೆ ಎಣಿಸ್ತಾರೆ!"

ಆಳದಿಂದ ಮೇಲೆ ಬಂದವರ ರಕ್ತದಲ್ಲಿ ಏಳುವ ಸಣ್ಣ ಗುಳ್ಳೆಗಳನ್ನು ಅಲ್ಟ್ರಾಸೌಂಡಿನಲ್ಲಿ ನೋಡುವುದು ಡಾಕ್ಟರ್ ನಶ್ವಾ ಅವರ ಕೆಲಸ. ದಕ್ಷಿಣದ ದ್ವೀಪಗಳಿಗೆ ಹತ್ತು ದಿನದ ಪರೀಕ್ಷೆಗೆ ಹೊರಟಿದ್ದ ಅವರು, ಶಾಜ್ಲಿ ಮತ್ತು ಅವನ ಷಡ್ಡಕ ರಿಫಾಯಿ ಇಬ್ಬರಲ್ಲಿ ಒಬ್ಬನನ್ನು ಜತೆಗೆ ಕರೆದೊಯ್ಯಲು ಆರಿಸುವವರಿದ್ದರು. ಹನ್ನೊಂದು ವರ್ಷದಿಂದ ಪ್ರವಾಸಿಗರಿಗೆ ಅದೇ ಹವಳದ ದಿಬ್ಬ, ಅದೇ ಮುದಿ ಆಮೆ ತೋರಿಸಿ ಶಾಜ್ಲಿಗೆ ಸಾಕುಸಾಕಾಗಿತ್ತು. ಆ ದ್ವೀಪಗಳ ಸುತ್ತಿಗೆತಲೆಯ ಶಾರ್ಕುಗಳನ್ನು ನೋಡಿಯೇ ತೀರುವೆನೆಂದು ಹಟ ತೊಟ್ಟಿದ್ದ.

"ಹಂಗಾದ್ರೆ ನಿನ್ ಪಾಲೂ ನಂಗಿರ್ಲಿ ಬಿಡು," ಎಂದು ರಿಫಾಯಿ ತಟ್ಟೆ ಎಳೆದುಕೊಂಡ.

ಇಬ್ಬರೂ ಮೂವತ್ತು ಮೀಟರ್ ಆಳಕ್ಕೆ ಹೋಗಿ ಬಂದರು. ರಿಫಾಯಿ ವಾಡಿಕೆಯಂತೆ ಐದು ಮೀಟರಿನಲ್ಲಿ ಮೂರು ನಿಮಿಷ ತಡೆದು ದೋಣಿ ಹತ್ತಿದ. ಶಾಜ್ಲಿ ಮಾತ್ರ ಅಲ್ಲೇ ಲಂಗರಿನ ಹಗ್ಗ ತಬ್ಬಿಕೊಂಡು ನಿಂತುಬಿಟ್ಟ. ನಿಧಾನವಾದಷ್ಟೂ ಗುಳ್ಳೆ ಕಡಿಮೆ, ಗುಳ್ಳೆ ಕಡಿಮೆಯಿದ್ದವನೇ ಗೆಲ್ಲುವುದು ಎಂದು ಅವನ ಲೆಕ್ಕ. ಹತ್ತು ನಿಮಿಷವಾಯಿತು, ಇಪ್ಪತ್ತಾಯಿತು. ಹಸಿವು, ಚಳಿ ಎರಡೂ ಸೇರಿ ಅವನನ್ನು ಹಿಂಡಿದವು. ಆದರೂ ಹಗ್ಗ ಬಿಡಲಿಲ್ಲ.

"ಕೆಳಗೇ ಸಂಸಾರ ಹೂಡ್ದಾ ಹೆಂಗೆ ಇವ್ನು?" ಎಂದು ಕ್ಯಾಪ್ಟನ್ ಹಮ್ಮಾದ್ ಏಣಿಗೆ ಸೌಟು ಬಡಿದ.

ಕೊನೆಗೂ ಮೇಲೆ ಬಂದವನಿಗೆ ಸಲಹೆಗಳ ಸುರಿಮಳೆ. "ಕಾಲು ಮೇಲ್ಮಾಡಿ ಮಲ್ಕೊ, ಗುಳ್ಳೆ ಎಲ್ಲಾ ಪಾದಕ್ಕೆ ಏರ್ತವೆ," ಎಂದ ಹಮ್ಮಾದ್. "ಮಾತಾಡ್ಬೇಡ, ಗಾಳಿ ಒಳಗೆ ಹೋಗುತ್ತೆ," ಎಂದ ಗಾಬಿರ್. ಶಾಜ್ಲಿ ಬಾಯಿ ಬಿಗಿದು, ಕಾಲೆತ್ತಿ, ಸುಟ್ಟ ಬದನೆಕಾಯಿಯಂತೆ ಬಿದ್ದುಕೊಂಡ.

"ಏಳಿ, ಮೂರು ಬಸ್ಕಿ ಹೊಡೀರಿ. ಅಡಗಿರೋವು ಹೊರಗೆ ಬರ್ಲಿ," ಎಂದರು ಡಾಕ್ಟರ್.

ಬಸ್ಕಿಯಾಯಿತು. ಎದೆಗೆ ತಣ್ಣನೆಯ ಅಂಟು ಬಳಿದು ಯಂತ್ರದ ಹಿಡಿ ಒತ್ತಿದ್ದೇ ತಡ, ಗುಡುಗುಡು ಸದ್ದು!

"ಅಯ್ಯೋ, ಗುಳ್ಳೆ!" ಎಂದು ಗಾಬಿರ್ ಕಿರುಚಿದ.

"ಅದು ಹೊಟ್ಟೆ ರೀ. ಸುಮ್ನಿರಿ," ಎಂದು ಡಾಕ್ಟರ್ ಪರದೆಯನ್ನೇ ದಿಟ್ಟಿಸಿದರು. ಎರಡು ಗಂಟೆಯಲ್ಲಿ ನಾಲ್ಕು ಸಲ ನೋಡಿದರು. "ಅಬ್ಬಾ, ಒಂದೂ ಇಲ್ಲ! ಆಗ್ಲೇ ತೆಗೆದ ರಿಫಾಯಿಯವರದ್ದು ನೋಡಿ, ಸೋಡಾ ಬಾಟ್ಲಿ. ಕಾಯಿಲೆ ಏನಲ್ಲ, ಕೆಲವರಿಗೆ ಹಾಗೇ."

ಗೆದ್ದ ಖುಷಿಗೆ ಶಾಜ್ಲಿಯ ಕಣ್ಣು ತುಂಬಿತು. "ಹಂಗಾದ್ರೆ ಯಾವಾಗ ಹೊರಡೋದು ಡಾಕ್ಟ್ರಮ್ಮಾ?"

"ನೀವೆಲ್ಲಿಗೆ? ಬರೋದು ರಿಫಾಯಿ. ಗುಳ್ಳೆನೇ ಏಳದವರನ್ನ ಕರ್ಕೊಂಡ್ಹೋಗಿ ಹತ್ತು ದಿನ ನಾನೇನು ಎಣಿಸ್ಲಿ?"

ಶಾಜ್ಲಿ ಎದೆಯ ಅಂಟು ಒರೆಸಿಕೊಂಡ. "ನಾಳೆ ಕಾಳು ತಿಂದು ಬಂದ್ರೆ?"

"ಕಾಳಿಗೂ ಇದಕ್ಕೂ ಸಂಬಂಧಾನೇ ಇಲ್ಲ. ಹಗ್ಗ ಹಿಡ್ಕೊಂಡು ಅಷ್ಟೊತ್ತು ನಿಂತ್ರಲ್ಲ, ಅದರಿಂದ ಆಗಿದ್ದು."

ಅವನು ಕಾಲೆಳೆದುಕೊಂಡು ಅಡುಗೆಮನೆಗೆ ಹೋದ. "ಚಿಕ್ಕಪ್ಪಾ, ಒಂದ್ ತಟ್ಟೆ ಫೂಲ್ ಕೊಡು."

ಗಾಬಿರ್ ಪಾತ್ರೆ ಬೋರಲು ಮಾಡಿ ತೋರಿಸಿದ. ಹೊರಗೆ ರಿಫಾಯಿ ಉದ್ದಕ್ಕೆ ತೇಗಿದ.