ಬಾಕಿ ಉಳಿದ ತಪ್ಪು ಗುಂಡು

ಲೆಕ್ಕ ಬಲ್ಲವನಿಗೆ ನೆಮ್ಮದಿ ಜಾಸ್ತಿ ಎಂದು ಯಾರು ಹೇಳಿದರೋ, ಅವರು ನನ್ನ ಹಾಗೆ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿರಲಿಕ್ಕಿಲ್ಲ. ಮೆಣಸಿನ ಬಳ್ಳಿಯಿಂದ ಹಿಡಿದು ಹೆಂಡತಿ ಸೀಯಿಸಿದ ರೊಟ್ಟಿಯವರೆಗೆ ಎಲ್ಲವನ್ನೂ ಎಣಿಸಿ ಬರೆದಿಡುವುದು ನನ್ನ ಚಟ. ಇಬ್ಬರೇ ಮಂತ್ರಿಗಳು ಇಡೀ ಕೊಡಗು ರಾಜ್ಯವನ್ನು ನಡೆಸುತ್ತಿದ್ದ ಕಾಲ ಅದು. ನಾನೋ ಒಂದು ತೆಂಗಿನಕಾಯಿಯ ವಿಚಾರಕ್ಕೆ ವಾರವಿಡೀ ಒದ್ದಾಡಿದೆ.

ಸಂಪಾಜೆಯ ಹತ್ತಿರದ ನಮ್ಮೂರಿನಲ್ಲಿ, ಕೋವಿಗೆ ಪೂಜೆ ಮಾಡುವ ಕೈಲುಮುಹೂರ್ತದ ಹಬ್ಬದ ದಿನ, ಮರದ ತುದಿಗೆ ಕಟ್ಟಿದ ಕಾಯಿಗೆ ಗುಂಡು ಹೊಡೆಯುವ ಪಂದ್ಯ. ಮನೆಗೊಬ್ಬ, ಒಬ್ಬನಿಗೆ ಒಂದೇ ಗುಂಡು. ಮೂರು ವರ್ಷದಿಂದ ನಮ್ಮ ಮನೆಯವರು ಕಾಯಿ ಬೀಳಿಸಿರಲಿಲ್ಲ. ಊರವರು ನಮ್ಮ ಕೋವಿಯನ್ನು ಊದುಗೊಳವೆ ಎನ್ನತೊಡಗಿದ್ದರು. ಈ ಸಲ ಹೋಗುವವನು ನಾನೋ, ತಮ್ಮ ಕುಶಾಲಪ್ಪನೋ? ಅವನು ಎಣಿಸುವವನಲ್ಲ. "ಮನಸ್ಸು ಹೇಳಿದಾಗ ಹೊಡೆದ್ರೆ ಬೀಳ್ತದೆ ಅಣ್ಣ" ಎನ್ನುವವನು. ನಾನು ಪುಸ್ತಕ ತೆರೆದು ತೋರಿಸಿದೆ: ಹಿತ್ತಲಿನ ಅಭ್ಯಾಸದಲ್ಲಿ ವಾರವಾರವೂ ಹತ್ತರಲ್ಲಿ ನನ್ನದು ಎಂಟು, ಅವನದು ಐದು. ಪಾಪ, ನನಗೇ ಬಿಟ್ಟುಕೊಟ್ಟ.

ಆಮೇಲೆ ಶುರುವಾಯಿತು ನನ್ನ ಫಜೀತಿ. ಆ ವಾರ ಹೊಡೆದ ಎಂಟೂ ತಾಗಿದ್ದವು. ಹಾಗಾದರೆ ತಪ್ಪಬೇಕಾದ ಎರಡು ಇನ್ನೂ ಬಾಕಿ! ಊಟ ಸೇರಲಿಲ್ಲ, ಕೂತಲ್ಲಿ ಕೂರಲಾಗಲಿಲ್ಲ. ಹಬ್ಬದ ಬೆಳಿಗ್ಗೆ ಎರಡನ್ನೂ ಖಾಲಿ ಮಾಡಿಬಿಡೋಣವೆಂದು ಹಿತ್ತಲಿಗೆ ಹೋದೆ. ಮೊದಲನೆಯದನ್ನು ಬೇಕೆಂದೇ ಹಿತ್ತಲಂಚಿನ ಗೋಡೆಯಂಥ ಬರೆಯ ಮಣ್ಣಿಗೆ ಹೊಡೆದೆ. ಎರಡನೆಯದು ತಾನಾಗಿ ತಪ್ಪಲಿ ಎಂದು ಕಣ್ಣು ಮುಚ್ಚಿ ಹೊಡೆದರೆ, ಹಾಳಾದ್ದು, ಗುರಿಗೆಂದು ಇಟ್ಟಿದ್ದ ಕಾಯಿ ಚೂರುಚೂರು. ಒಂದು ತಪ್ಪು ಉಳಿದೇ ಹೋಯಿತು. ಇನ್ನೊಂದು ಹೊಡೆಯೋಣವೆಂದರೆ ಉಳಿದಿದ್ದದ್ದು ಪಂದ್ಯಕ್ಕೆಂದು ಇಟ್ಟಿದ್ದ ಗುಂಡಿನ ತೋಟೆ ಒಂದೇ. ಅಂಗಳ ಗುಡಿಸುತ್ತಿದ್ದ ಹೆಂಡತಿ ಸೀತಮ್ಮ ಪೊರಕೆ ಹಿಡಿದುಕೊಂಡೇ ನಕ್ಕಳು.

ಮೈದಾನದಲ್ಲಿ ನನ್ನ ಹೆಸರು ಕೂಗಿದರು. ಆ ಬಾಕಿ ತಪ್ಪು ಇದೇ ಗುಂಡಿನಲ್ಲಿ ಕೂತಿದೆ ಎಂದು ನನಗೆ ಖಾತ್ರಿಯಾಯಿತು. ಭುಜ ಹಿಡಿದುಕೊಂಡಿದೆ ಎಂದು ಹೇಳಿ ಕೋವಿಯನ್ನು ಕುಶಾಲಪ್ಪನ ಕೈಗಿತ್ತೆ. ಪಾಪ, ಅವನ ಮನಸ್ಸಿಗೆ ಏನಾದರೂ ಹೇಳುವಷ್ಟು ಹೊತ್ತೂ ಸಿಗಲಿಲ್ಲ. ಗುಂಡು ಮರದ ಎಲೆಗಳ ನಡುವೆ ತೂರಿ ಹೋಯಿತು, ಕಾಯಿ ಅಲ್ಲಾಡಲಿಲ್ಲ. ಊರೆಲ್ಲ ನಕ್ಕಿತು. ಅವನು ತಲೆ ತಗ್ಗಿಸಿಕೊಂಡು ಬಂದು, "ನೀನು ಹೊಡೆದಿದ್ರೆ ಬೀಳ್ತಿತ್ತು ಅಣ್ಣ" ಎಂದ. ನಾನು, ಎಂಥ ದೊಡ್ಡ ಮನುಷ್ಯ ನೋಡಿ, ಹೌದೆಂದು ತಲೆಯಾಡಿಸಿದೆ. ನಿಜ ಹೇಳುತ್ತೇನೆ, ಒಳಗೆ ಹಾಯೆನಿಸಿತ್ತು.

ಮನೆಗೆ ಹೋಗುವ ದಾರಿಯಲ್ಲಿ ಸೀತಮ್ಮ, "ಭುಜಕ್ಕೇನೂ ಆಗಿಲ್ಲ. ನಿಮಗೆ ಹೆದರಿಕೆ ಆಯ್ತು" ಎಂದಳು. ಒಂದೇ ಸಲ ನೋಡಿ ಹಾಗೆಲ್ಲ ತೀರ್ಮಾನಕ್ಕೆ ಬರಬಾರದು ಎಂದು ನಾನು ಬುದ್ಧಿ ಹೇಳಿದೆ.

"ಒಂದೇ ಸಲ ಎಲ್ಲಿ? ಮದುವೆಯಾಗಿ ಹನ್ನೆರಡು ವರ್ಷ ಆಯ್ತಲ್ಲ" ಎಂದಳು.